ಹಲ್ಲು ಉಜ್ಜಿಕೊಳ್ಳುವ ಫ್ರೆಂಚ್: ‘ಮ’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಸಂಜೆ ಹೊತ್ತು ಫ್ರೆಂಚ್ ಕಲಿಯುತ್ತಿದ್ದೇನೆ. ಡೆಲ್ಫ್ ಎ2 (ಫ್ರೆಂಚ್ ಭಾಷೆಯ ಆರಂಭದ ಮಟ್ಟದ ಪ್ರಮಾಣಪತ್ರ) ಪರೀಕ್ಷೆ ಹತ್ತಿರ ಬಂತು. ‘ನಿಮ್ಮ ದಿನಚರಿ ಹೇಳಿ’ ಅಂದರೆ ಸಾಕು, ಬಾಯಿ ಕಟ್ಟಿಹೋಗುತ್ತದೆ. ಮೊನ್ನೆ ಕ್ಲಾಸಿನಲ್ಲಿ ಬರೆದದ್ದು ಇದು: “ಜ ಲೆವ್ ಆ ಸೀಜ಼ರ್. ಜ ಬ್ರೋಸ್ ಮೆ ದಾಂ. ಜ ಮ ಬೆನ್ಯ್. ಜ ಮಾಬಿಯ್ ಯೂನ್ ಶಮೀಜ಼್. ಜ ಮ ಮಾಂಜ್ ಆ ವಿತರ್. ಜ ಮ ಕೂಶ್ ಸೆತರ್.” ಆರಕ್ಕೆ ಏಳುವುದು, ಹಲ್ಲುಜ್ಜುವುದು, ಸ್ನಾನ, ಶರ್ಟು ಹಾಕಿಕೊಳ್ಳುವುದು, ಎಂಟಕ್ಕೆ ತಿಂಡಿ, ಏಳು ಗಂಟೆ ನಿದ್ದೆ, ಇಷ್ಟು ಹೇಳಲು ಹೊರಟಿದ್ದೆ. ಆರಕ್ಕೆ ಆರೂ ಸಾಲಿಗೆ ಕೆಂಪು ಗೆರೆ ಬಿತ್ತು! ಮೊದಲು ‘ಮ’ (ಅಂದರೆ ‘ನನ್ನನ್ನು’) ಬಿಟ್ಟಿದ್ದಕ್ಕೆ ಬೈಸಿಕೊಂಡೆ. ಆಮೇಲೆ ಎಲ್ಲ ಕಡೆ ‘ಮ’ ಹಾಕಿದೆ, ಅದಕ್ಕೂ ಬೈಸಿಕೊಂಡೆ. ಈ ರಿಫ್ಲೆಕ್ಸಿವ್ ವರ್ಬ್ (ತನ್ನ ಮೇಲೇ ಮಾಡಿಕೊಳ್ಳುವ ಕೆಲಸದ ಕ್ರಿಯಾಪದ) ಯಾವುದು, ಯಾವುದಲ್ಲ ಅಂತ ಗೊತ್ತಾಗುವುದು ಹೇಗೆ? ನಿನ್ನೆಯದು, ನಾಳೆಯದು ಹೇಳುವಾಗಲೂ ಇದೇ ಗೊಂದಲ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ‘ಬೈಸಿಕೊಂಡೆ’ ಅಂದಿರಲ್ಲ, ಆ ಒಂದು ಪದ ಸರಿಯಾಗಿ ಬಳಸುವವರಿಗೆ ಈ ಪಾಠ ಅರ್ಧ ಗೊತ್ತಿದ್ದ ಹಾಗೆಯೇ. ಅದಕ್ಕೆ ಕೊನೆಯಲ್ಲಿ ಮತ್ತೆ ಬರುತ್ತೇನೆ. (ಫ್ರೆಂಚ್ ಪದಗಳನ್ನು ನೀವು ಬರೆದಂತೆಯೇ ಕಿವಿಗೆ ಕೇಳುವ ಹಾಗೆ ಬರೆಯುತ್ತೇನೆ. ಕಾಗುಣಿತಕ್ಕೆ ನಿಮ್ಮ ಪುಸ್ತಕ ಪಕ್ಕದಲ್ಲಿಟ್ಟುಕೊಳ್ಳಿ.)

ನಮ್ಮಲ್ಲಿ ಫ್ರೆಂಚ್ ಕಲಿಯುವವರೆಲ್ಲ ಇಂಗ್ಲಿಷ್ ಎಂಬ ಸೇತುವೆ ದಾಟಿಯೇ ಹೋಗುತ್ತಾರೆ. ಪುಸ್ತಕ ಇಂಗ್ಲಿಷಿನದು, ವಿವರಣೆ ಇಂಗ್ಲಿಷಿನದು. ಬೇರೆ ಪಾಠಗಳಿಗೆ ಪರವಾಗಿಲ್ಲ. ಈ ಪಾಠಕ್ಕೆ ಮಾತ್ರ ಅದು ಸುತ್ತುದಾರಿ. ಯಾಕೆಂದರೆ ‘ಐ ಬ್ರಶ್ ಮೈ ಟೀತ್’ ಅನ್ನುವಾಗ ಇಂಗ್ಲಿಷಿನವರು ಕ್ರಿಯಾಪದಕ್ಕೆ ಏನನ್ನೂ ಅಂಟಿಸುವುದಿಲ್ಲ. ನಾವು ಅಂಟಿಸುತ್ತೇವೆ. ‘ಹಲ್ಲು ಉಜ್ಜಿಕೊಂಡೆ’, ‘ಮುಖ ತೊಳೆದುಕೊಂಡೆ’, ‘ತಲೆ ಬಾಚಿಕೊಂಡೆ’. ‘ಮುಖ ತೊಳೆದೆ’ ಅಂತ ಹೇಳಿ ನೋಡಿ. ಯಾರ ಮುಖ? ಮಗುವಿನದಾ? ಕನ್ನಡದ ಕಿವಿ ತಕ್ಷಣ ಕೇಳುತ್ತದೆ. ಫ್ರೆಂಚ್ ಕಿವಿಯೂ ಹಾಗೆಯೇ. ‘ಜ ಲಾವ್’ ಅಂದರೆ ‘ತೊಳೆಯುತ್ತೇನೆ’. ಏನನ್ನು? ನಾಯಿಯನ್ನಾ? ‘ಜ ಲಾವ್ ಲ ಶ್ಯಾಂ’ ಅಂದರೆ ನಾಯಿಗೆ ಸ್ನಾನ ಮಾಡಿಸುತ್ತೇನೆ. ‘ಜ ಮ ಲಾವ್’ ಅಂದರೆ ನಾನೇ ಮೈ ತೊಳೆದುಕೊಳ್ಳುತ್ತೇನೆ. ಆ ‘ಮ’ ನಮ್ಮ ‘ಕೊಳ್ಳು’.

ಅಂದ ಹಾಗೆ, ನೀವು ಈ ಜಾತಿಯ ಕ್ರಿಯಾಪದವನ್ನು ಮೊದಲ ದಿನವೇ ಕಲಿತಿದ್ದೀರಿ. ‘ಜ ಮಾಪೆಲ್’ ಅಂತ ಹೆಸರು ಹೇಳಿದಿರಲ್ಲ, ಅದೇ. ‘ಜಾಪೆಲ್’ ಅಂದರೆ ಕರೆಯುತ್ತೇನೆ, ಫೋನ್ ಮಾಡುತ್ತೇನೆ. ‘ಜ ಮಾಪೆಲ್’ ಅಂದರೆ ನನ್ನನ್ನು ಹೀಗೆ ಕರೆದುಕೊಳ್ಳುತ್ತೇನೆ. ಅದರಲ್ಲಿ ಯಾರೂ ‘ಮ’ ಬಿಡುವುದಿಲ್ಲ, ಯಾಕೆಂದರೆ ಅದನ್ನು ವ್ಯಾಕರಣ ಅಂತ ಕಲಿತೇ ಇಲ್ಲ.

ಮೊದಲು ಆ ‘ಮ’ ಬದಲಾಗುವ ರೀತಿ ನೋಡಿ. ಜ ಮ ಲಾವ್, ತ್ಯು ತ ಲಾವ್, ಇಲ್ ಸ ಲಾವ್, ಎಲ್ ಸ ಲಾವ್, ನೂ ನೂ ಲಾವೋಂ, ವೂ ವೂ ಲಾವೆ, ಬಹುವಚನಕ್ಕೆ ಮತ್ತೆ ಇಲ್ ಸ ಲಾವ್. ‘ನೂ ನೂ’, ‘ವೂ ವೂ’ ಕೇಳಿ ಕ್ಲಾಸಿನಲ್ಲಿ ನಗು ಬರುತ್ತದೆ. ಮುಜುಗರಕ್ಕೆ ಒಂದನ್ನು ನುಂಗಿಬಿಡುತ್ತಾರೆ. ನುಂಗಬೇಡಿ. ಮೊದಲನೆಯ ‘ನೂ’ ಅಂದರೆ ನಾವು, ಎರಡನೆಯದು ನಮ್ಮನ್ನು. ಎರಡಕ್ಕೂ ಒಂದೇ ರೂಪ ಇರುವುದು ಫ್ರೆಂಚಿನವರ ಬಡತನ, ನಮ್ಮ ತಪ್ಪಲ್ಲ. ನಿಜ ಹೇಳಬೇಕೆಂದರೆ ಮಾತಿನಲ್ಲಿ ಅವರೇ ‘ನೂ ನೂ’ ಕಡಿಮೆ ಬಳಸುತ್ತಾರೆ. ಅದರ ಬದಲು ‘ಓಂ ಸ ಲೆವ್ ಆ ಸೆತರ್’ (ಏಳು ಗಂಟೆಗೆ ಏಳುತ್ತೇವೆ) ಅನ್ನುತ್ತಾರೆ. ‘ಓಂ’ ಜೊತೆಗೆ ಯಾವಾಗಲೂ ‘ಸ’. ಪರೀಕ್ಷೆಯ ಮಾತಿನ ಭಾಗದಲ್ಲಿ ನೀವೂ ಧಾರಾಳವಾಗಿ ಬಳಸಿ.

ಸ್ವರದಿಂದ ಶುರುವಾಗುವ ಪದ ಬಂದರೆ ‘ಮ’ ಅದಕ್ಕೆ ಅಂಟಿಕೊಳ್ಳುತ್ತದೆ. ನೀವು ‘ಜ ಮಾಬಿಯ್’ ಅಂತ ಸರಿಯಾಗಿಯೇ ಅಂಟಿಸಿದ್ದೀರಿ. ನಮಗೆ ಸಂಧಿ ಹೊಸದಲ್ಲ ನೋಡಿ. ಆ ಪದ ಬರವಣಿಗೆಯಲ್ಲಿ ‘ಎಚ್’ ಅಕ್ಷರದಿಂದ ಶುರುವಾದರೂ ಅದು ಬಾಯಿಗೆ ಬರುವುದಿಲ್ಲ, ಹಾಗಾಗಿ ಅಡ್ಡ ಬರುವುದಿಲ್ಲ.

ಈಗ ನಾಳೆಯ ಮಾತು. ಬಹಳ ಜನ ‘ಜ ವೆ ಸ ಕೂಶೆ’ (ಮಲಗಲು ಹೊರಟೆ) ಅನ್ನುತ್ತಾರೆ. ಡಿಕ್ಷನರಿಯಲ್ಲಿ ‘ಸ ಕೂಶೆ’ ಅಂತ ಇರುತ್ತದೆ, ಅದನ್ನೇ ಇಡಿಯಾಗಿ ಎತ್ತಿ ಇಡುತ್ತಾರೆ. ಇದು ಯಾಕೆ ತಪ್ಪು ಅಂತ ಕನ್ನಡವೇ ಹೇಳುತ್ತದೆ. ‘ಅವಳು ತನ್ನ ಕೈ ನೋಡಿಕೊಂಡಳು’ ಸರಿ. ‘ನಾನು ತನ್ನ ಕೈ ನೋಡಿಕೊಂಡೆ’ ಅಂದರೆ? ಏನೋ ಎಡವಟ್ಟು ಅನಿಸುತ್ತದೆ ಅಲ್ವಾ? ನಮ್ಮ ‘ತನ್ನ’ ಮೂರನೆಯವರಿಗೆ ಮಾತ್ರ. ಫ್ರೆಂಚಿನ ‘ಸ’ ಕೂಡ ಹಾಗೆಯೇ. (ಹಿಂದಿಯ ‘ಅಪ್ನಾ’ ಎಲ್ಲರಿಗೂ ನಡೆಯುತ್ತದೆ. ಹಿಂದಿ ಮನೆಮಾತಿನ ವಿದ್ಯಾರ್ಥಿಗಳು ಇಲ್ಲಿ ನಮಗಿಂತ ಜಾಸ್ತಿ ಒದ್ದಾಡುವುದನ್ನು ಕಂಡಿದ್ದೇನೆ.) ಆದ್ದರಿಂದ ‘ಜ ವೆ ಮ ಕೂಶೆ’, ‘ತ್ಯು ವಾ ತ ಕೂಶೆ’, ‘ನೂ ಜ಼ಾಲೋಂ ನೂ ಕೂಶೆ’. ಮುಖ್ಯ ಕ್ರಿಯಾಪದ ಮೂಲ ರೂಪದಲ್ಲಿ ಮಲಗಿದ್ದರೂ ಅದರ ಪಕ್ಕದ ‘ಮ’ ಎಚ್ಚರವಾಗಿ ಕರ್ತೃವನ್ನೇ ನೋಡುತ್ತಿರುತ್ತದೆ.

ಇನ್ನು ನಿಮ್ಮ ಎರಡನೆಯ ಸಾಲು, ‘ಜ ಬ್ರೋಸ್ ಮೆ ದಾಂ’. ಇದು ಅಪ್ಪಟ ಇಂಗ್ಲಿಷ್, ಫ್ರೆಂಚ್ ಬಟ್ಟೆ ಹಾಕಿಕೊಂಡು ಬಂದಿದೆ. ‘ಮೆ ದಾಂ’ ಅಂದರೆ ‘ನನ್ನ ಹಲ್ಲುಗಳು’. ಕನ್ನಡದಲ್ಲಿ ಯಾರಾದರೂ ‘ನಾನು ನನ್ನ ಹಲ್ಲುಗಳನ್ನು ಉಜ್ಜುತ್ತೇನೆ’ ಅನ್ನುತ್ತಾರಾ? ಅನುವಾದದ ಪುಸ್ತಕದಲ್ಲಿ ಮಾತ್ರ. ‘ಹಲ್ಲು ಉಜ್ಜಿಕೊಂಡೆ’ ಅಂದರೆ ಆಯಿತು. ‘ಕೊಂಡೆ’ ಬಂದ ಮೇಲೆ ಹಲ್ಲು ಯಾರದು ಅಂತ ಬೇರೆ ಹೇಳಬೇಕಿಲ್ಲ. ಫ್ರೆಂಚಿನ ಲೆಕ್ಕವೂ ಅದೇ. ‘ಜ ಮ ಬ್ರೋಸ್ ಲೆ ದಾಂ’. ‘ಮ’ ಬಂತು, ಹಲ್ಲು ಯಾರದು ಅಂತ ಗೊತ್ತಾಯಿತು, ಇನ್ನು ‘ನನ್ನ’ ಯಾಕೆ? ಸುಮ್ನೆ ‘ಲೆ’ ಸಾಕು. ಕೈ ತೊಳೆದುಕೊಳ್ಳುವುದು ‘ಜ ಮ ಲಾವ್ ಲೆ ಮ್ಯಾಂ’. ತಲೆಸ್ನಾನ ‘ಜ ಮ ಲಾವ್ ಲೆ ಶವೋ’.

ಈ ‘ಶವೋ’ ಬಗ್ಗೆ ಒಂದು ಎಚ್ಚರಿಕೆ. ಕೂದಲು, ಕುದುರೆಗಳು, ಎರಡೂ ನಮ್ಮ ಲಿಪಿಯಲ್ಲಿ ಬರೆದರೆ ‘ಶವೋ’ ಅಂತಲೇ ಬರುತ್ತವೆ. ಕೊನೆಯ ಸ್ವರದಲ್ಲಿ ವ್ಯತ್ಯಾಸ. ಕೂದಲಿಗೆ ತುಟಿಯನ್ನು ‘ಓ’ ಅನ್ನುವ ಹಾಗೆ ದುಂಡಗೆ ಇಟ್ಟು, ನಾಲಿಗೆಯಲ್ಲಿ ‘ಏ’ ಅನ್ನಬೇಕು. ನೇರವಾಗಿ ‘ಓ’ ಅಂದರೆ ಕುದುರೆಗಳನ್ನು ತೊಳೆಯುತ್ತಿದ್ದೀರಿ ಅಂತ ಅರ್ಥ. ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳಿಕೊಳ್ಳಿ.

ಸರಿ, ‘ಕೊಳ್ಳು’ ಇದ್ದಲ್ಲೆಲ್ಲ ‘ಮ’ ಹಾಕಿದರೆ ಮುಗಿಯಿತಾ? ಇಲ್ಲ. ನಿಮ್ಮ ಮೊದಲ ಸಾಲೇ ಸಾಕ್ಷಿ. ‘ಆರು ಗಂಟೆಗೆ ಏಳುತ್ತೇನೆ.’ ಇಲ್ಲಿ ‘ಕೊಳ್ಳು’ ಇಲ್ಲ. ಫ್ರೆಂಚಿನಲ್ಲಿ ಮಾತ್ರ ‘ಜ ಮ ಲೆವ್’, ‘ಮ’ ಬೇಕೇ ಬೇಕು. ಇದು ಯಾಕೆ ಅಂತ ನಾನೂ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ. ಪಾಠ ಹೇಳುತ್ತಾ ಹೇಳುತ್ತಾ ಒಂದು ದಿನ ಹೊಳೆಯಿತು.

ಕನ್ನಡ ಇಂಥ ಕಡೆ ‘ಏಳು’ ಅಂತ ಶುರು ಮಾಡುತ್ತದೆ. ಬೇರೆಯವರನ್ನು ಏಳುವಂತೆ ಮಾಡಿದರೆ ‘ಎಬ್ಬಿಸು’. ಮಲಗು, ಮಲಗಿಸು. ಕೂರು, ಕೂರಿಸು. ನಿಲ್ಲು, ನಿಲ್ಲಿಸು. ನಮ್ಮಲ್ಲಿ ಚಿಕ್ಕ ಪದ ನನ್ನ ಕೆಲಸ, ಅದಕ್ಕೆ ‘ಇಸು’ ಸೇರಿದರೆ ಇನ್ನೊಬ್ಬರ ಮೇಲೆ ಮಾಡುವ ಕೆಲಸ. ಫ್ರೆಂಚ್ ಇದನ್ನು ತಿರುಗುಮುರುಗು ಮಾಡುತ್ತದೆ. ಅಲ್ಲಿ ಚಿಕ್ಕ ಪದವೇ ‘ಎಬ್ಬಿಸು’, ‘ಮಲಗಿಸು’, ‘ಕೂರಿಸು’. ನಾನೇ ಏಳಬೇಕಾದರೆ ಅದಕ್ಕೆ ‘ಮ’ ಸೇರಿಸಿ ‘ನನ್ನನ್ನು ಎಬ್ಬಿಸುತ್ತೇನೆ’ ಅನ್ನಬೇಕು. ‘ಜ ಕೂಶ್ ಲೆ ಜ಼ಾಂಫಾಂ’, ಮಕ್ಕಳನ್ನು ಮಲಗಿಸುತ್ತೇನೆ. ‘ಜ ಮ ಕೂಶ್’, ಮಲಗುತ್ತೇನೆ. ‘ಜ ರೆವೆಯ್ ಮೋಂ ಫಿಸ್’, ಮಗನನ್ನು ಎಚ್ಚರಿಸುತ್ತೇನೆ. ‘ಜ ಮ ರೆವೆಯ್’, ನನಗೆ ಎಚ್ಚರವಾಗುತ್ತದೆ. ‘ಜ ಪ್ರೊಮೆನ್ ಲ ಶ್ಯಾಂ’, ನಾಯಿಯನ್ನು ತಿರುಗಾಡಿಸಿಕೊಂಡು ಬರುತ್ತೇನೆ. ‘ಜ ಮ ಪ್ರೊಮೆನ್’, ತಿರುಗಾಡಿಕೊಂಡು ಬರುತ್ತೇನೆ. ಜೀವ ಇಲ್ಲದ ಬಸ್ಸಿಗೂ ಇದೇ ನ್ಯಾಯ. ಡ್ರೈವರ್ ಬಸ್ ನಿಲ್ಲಿಸಿದರೆ ‘ಲ ಶೋಫರ್ ಆರೆತ್ ಲ ಬ್ಯೂಸ್’. ಬಸ್ ತಾನಾಗಿ ನಿಂತರೆ ‘ಲ ಬ್ಯೂಸ್ ಸಾರೆತ್’.

ನಿಮ್ಮ ‘ಜ ಲೆವ್ ಆ ಸೀಜ಼ರ್’ ಫ್ರೆಂಚ್ ಕಿವಿಗೆ ಹೇಗೆ ಕೇಳುತ್ತದೆ ಗೊತ್ತಾ? ‘ಆರು ಗಂಟೆಗೆ ಎತ್ತುತ್ತೇನೆ.’ ಏನನ್ನು ಎತ್ತುತ್ತೀರಿ? ‘ಜ ಲೆವ್ ಲಾ ಮ್ಯಾಂ’ ಅಂದರೆ ಕೈ ಎತ್ತುತ್ತೇನೆ, ಕ್ಲಾಸಿನಲ್ಲಿ ಉತ್ತರ ಹೇಳಲು ಎತ್ತುವ ಹಾಗೆ. ಹಾಸಿಗೆಯಿಂದ ಏಳಬೇಕಾದರೆ ನಿಮ್ಮನ್ನೇ ಎತ್ತಿಕೊಳ್ಳಬೇಕು.

ಹಾಗಾಗಿ ಹೊಸ ಕ್ರಿಯಾಪದ ಸಿಕ್ಕಾಗ ನನ್ನ ವಿದ್ಯಾರ್ಥಿಗಳಿಗೆ ಎರಡು ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ನನ್ನ ಮೈಮೇಲೇ ಮಾಡಿಕೊಳ್ಳುವ ಕೆಲಸವಾ? ಅಥವಾ ಕನ್ನಡದಲ್ಲಿ ಏಳು-ಎಬ್ಬಿಸು ಥರ ಜೋಡಿ ಇದ್ದು, ಮೈಯ ಭಂಗಿಯೋ ಸ್ಥಿತಿಯೋ ಬದಲಾಗುತ್ತದಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೆ ‘ಮ’ ಬರುವ ಸಾಧ್ಯತೆ ಜಾಸ್ತಿ. ಎಲ್ಲ ‘ಇಸು’ ಜೋಡಿಗೂ ಇದು ಹೊಂದುವುದಿಲ್ಲ, ಅದೂ ಹೇಳಿಬಿಡುತ್ತೇನೆ. ತಿನ್ನು-ತಿನ್ನಿಸು, ಓಡು-ಓಡಿಸು ಇವೆಲ್ಲ ಅಲ್ಲಿ ಬೇರೆ ದಾರಿ ಹಿಡಿಯುತ್ತವೆ. ತಿನ್ನುವುದು ಬರೀ ‘ಮಾಂಜೆ’. ಅದಕ್ಕೇ ನಿಮ್ಮ ಐದನೆಯ ಸಾಲಿಗೆ ಕೆಂಪು ಗೆರೆ. ‘ಜ ಮ ಮಾಂಜ್ ಆ ವಿತರ್’ ಅಂದರೆ ‘ಎಂಟು ಗಂಟೆಗೆ ನನ್ನನ್ನೇ ತಿನ್ನುತ್ತೇನೆ’! ತಿಂಡಿಗೆ ‘ಜ ಪ್ರಾಂ ಲ ಪ್ತಿ ದೆಜ್ಯುನೆ’ ಅನ್ನಿ. ಮಧ್ಯಾಹ್ನದ ಊಟ ‘ಜ ದೆಜ್ಯುನ್’, ರಾತ್ರಿಯದು ‘ಜ ದೀನ್’. ಊಟ, ತಿಂಡಿ, ಆಫೀಸಿಗೆ ಹೊರಡುವುದು, ಕೆಲಸ ಮಾಡುವುದು, ಮನೆಗೆ ವಾಪಸ್ ಬರುವುದು, ಇದ್ಯಾವುದಕ್ಕೂ ‘ಮ’ ಇಲ್ಲ. (ಬೆಲ್ಜಿಯಂ, ಸ್ವಿಟ್ಜರ್ಲೆಂಡ್, ಕೆನಡಾದ ಕ್ವೆಬೆಕ್ ಕಡೆಯವರ ಜೊತೆ ಮಾತಾಡುವಾಗ ಹುಷಾರು. ಅಲ್ಲಿ ‘ದೆಜ್ಯುನೆ’ ಅಂದರೆ ಬೆಳಗಿನ ತಿಂಡಿ, ‘ದೀನೆ’ ಅಂದರೆ ಮಧ್ಯಾಹ್ನದ ಊಟ, ರಾತ್ರಿಗೆ ‘ಸೂಪೆ’. ಪ್ಯಾರಿಸ್ಸಿನವರ ಲೆಕ್ಕ ಹಿಡಿದು ರಾತ್ರಿ ಊಟಕ್ಕೆ ಹೋದರೆ ಪಾತ್ರೆ ತೊಳೆದಿಟ್ಟಿರುತ್ತಾರೆ.)

ನಮ್ಮ ‘ಕೊಳ್ಳು’ ಇದ್ದೂ ಅಲ್ಲಿ ‘ಮ’ ಇಲ್ಲದ ಪದಗಳೂ ಬೇಕಷ್ಟಿವೆ. ಕಲಿತುಕೊಳ್ಳು, ಬರೆದುಕೊಳ್ಳು, ತಿಳಿದುಕೊಳ್ಳು. ಇವುಗಳಿಗೆ ಮೈಯ ಸಂಬಂಧವಿಲ್ಲ, ಫ್ರೆಂಚಿನಲ್ಲಿ ಬರೀ ಕ್ರಿಯಾಪದ ಸಾಕು. ‘ಹಾಡು ಕೇಳಿಕೊಂಡು ನಡೆದೆ’ ಅನ್ನುವಾಗಿನ ‘ಕೊಂಡು’ ಅಂತೂ ಬೇರೆಯೇ ಜಾತಿ, ಅದನ್ನು ಲೆಕ್ಕಕ್ಕೆ ತರಬೇಡಿ.

ನಾಲ್ಕನೆಯ ಸಾಲಿನಲ್ಲಿ ನೀವು ಬಿದ್ದಿರುವುದು ಇಂಥದ್ದೇ ಗುಂಡಿಗೆ. ಕನ್ನಡದ ‘ಹಾಕಿಕೊಳ್ಳು’ ದೊಡ್ಡ ಚೀಲ. ‘ಬಟ್ಟೆ ಹಾಕಿಕೊಂಡು ಬಾ’ ಅಂತಲೂ ಅನ್ನುತ್ತೇವೆ, ‘ನೀಲಿ ಶರ್ಟ್ ಹಾಕಿಕೊಂಡೆ’ ಅಂತಲೂ ಅನ್ನುತ್ತೇವೆ. ಫ್ರೆಂಚಿನಲ್ಲಿ ಇವು ಎರಡು ಬೇರೆ ಪದ. ಒಟ್ಟಾರೆ ಬಟ್ಟೆ ಹಾಕಿಕೊಂಡು ತಯಾರಾಗುವುದು ‘ಜ ಮಾಬಿಯ್’. ಅದಾದ ಮೇಲೆ ಶರ್ಟು ಪ್ಯಾಂಟು ಏನೂ ಬರಬಾರದು, ಅಲ್ಲಿಗೆ ವಾಕ್ಯ ಮುಗಿಯಿತು. ಇಂಥದ್ದೇ ಬಟ್ಟೆ ಅಂತ ಹೇಳಬೇಕಾದರೆ ‘ಜ ಮೆ ಮಾ ಶಮೀಜ಼್’, ನನ್ನ ಶರ್ಟು ಹಾಕಿಕೊಳ್ಳುತ್ತೇನೆ. ಇಲ್ಲಿ ‘ಮ’ ಇಲ್ಲ (‘ಮೆ’ ಅನ್ನುವುದು ಹಾಕಿಕೊಳ್ಳುವ ಕ್ರಿಯಾಪದವೇ). ಆದರೆ ‘ನನ್ನ’ ಬಂತು ನೋಡಿ! ಹಲ್ಲಿಗೆ ‘ನನ್ನ’ ಬೇಡ, ಶರ್ಟಿಗೆ ಬೇಕು. ಹಲ್ಲು ಮೈಗೆ ಅಂಟಿದ್ದು, ಶರ್ಟು ಕಳಚಿ ಇಡಬಹುದಾದದ್ದು. ಅಣ್ಣನ ಶರ್ಟೂ ಹಾಕಿಕೊಂಡು ಹೋಗಬಹುದಲ್ಲ.

ಮೂರನೆಯ ಸಾಲು ನನಗೆ ಬಹಳ ಪ್ರೀತಿಯದು, ಯಾಕೆಂದರೆ ಅದೇ ತಪ್ಪು ನಾನೂ ಮಾಡಿದ್ದೇನೆ. ಓದುವ ದಿನಗಳಲ್ಲಿ ಫ್ರಾನ್ಸಿನ ಲಿಯೋಂ ಊರಿನಲ್ಲಿ ಒಬ್ಬ ಅಜ್ಜಿಯ ಮನೆಯಲ್ಲಿ ಬಾಡಿಗೆಗೆ ಇದ್ದೆ. ಜನವರಿ ತಿಂಗಳು. ಬೆಳಿಗ್ಗೆ ಅಡುಗೆಮನೆಯಲ್ಲಿ ಅವರು ಕಾಫಿ ಕುಡಿಯುತ್ತಿದ್ದರು. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು, ಸ್ನಾನಕ್ಕೆ ಹೋಗಿ ಬರುತ್ತೇನೆ ಅನ್ನುವ ಅರ್ಥದಲ್ಲಿ ಗತ್ತಿನಿಂದ ‘ಜ ವೆ ಮ ಬೆನ್ಯೆ’ ಅಂದೆ. ಅಜ್ಜಿ ಬಟ್ಟಲು ಕೆಳಗಿಟ್ಟರು. ‘ಮ್ಯಾಂತನಾಂ? ಊ ಸಾ?’ ಅಂದರು. ಈಗಲಾ? ಎಲ್ಲಿ? ಆಮೇಲೆ ಕಿಟಕಿಯ ಕಡೆ ನೋಡಿದರು. ಕಿಟಕಿಯಾಚೆ ಸೋನ್ ನದಿ ಹರಿಯುತ್ತಿತ್ತು. ಆ ಚಳಿಯಲ್ಲಿ ಹುಡುಗಿ ಹೊಳೆಗೆ ಇಳಿಯಲು ಹೊರಟಿದ್ದಾಳೆ ಅಂದುಕೊಂಡಿದ್ದರು ಪಾಪ. ‘ಸ ಬೆನ್ಯೆ’ ಅಂದರೆ ಸಾಮಾನ್ಯವಾಗಿ ಸಮುದ್ರದಲ್ಲೋ ಹೊಳೆಯಲ್ಲೋ ಈಜುಕೊಳದಲ್ಲೋ ನೀರಿಗಿಳಿಯುವುದು. ದಿನದ ಸ್ನಾನ ‘ಜ ಮ ದೂಶ್’ ಅಥವಾ ‘ಜ ಪ್ರಾಂ ಯೂನ್ ದೂಶ್’. ‘ಮೇಡಂ, ನಮ್ಮನೇಲಿ ಶವರ್ ಇಲ್ಲ, ಬಕೆಟ್ಟು ಚೊಂಬು’ ಅಂತ ಒಬ್ಬ ಹುಡುಗ ಪ್ರಾಮಾಣಿಕವಾಗಿ ಹೇಳಿದ್ದ. ಪರವಾಗಿಲ್ಲಪ್ಪ, ‘ಜ ಮ ದೂಶ್’ ಅಂದುಬಿಡು, ಪರೀಕ್ಷಕರು ಬಚ್ಚಲಮನೆ ನೋಡಲು ಬರುವುದಿಲ್ಲ ಅಂದೆ. ಮನಸ್ಸು ಒಪ್ಪದಿದ್ದರೆ ‘ಜ ಮ ಲಾವ್’ ಅನ್ನಿ, ಅದು ಎಲ್ಲದಕ್ಕೂ ನಡೆಯುತ್ತದೆ.

‘ಲಾವ್’ ಅಂದಾಗ ನೆನಪಾಯಿತು. ‘ಲಾವ್’ ಮತ್ತು ‘ಲೆವ್’ ಒಂದೇ ಸ್ವರದ ಅಂತರ. ‘ಜ ಮ ಲಾವ್ ಆ ಸೀಜ಼ರ್’, ‘ಜ ಮ ಲೆವ್ ಆ ಸೀಜ಼ರ್’. ಎರಡಕ್ಕೂ ಅರ್ಥ ಇದೆ, ಹಾಗಾಗಿ ತಪ್ಪು ಹೇಳಿದರೂ ಯಾರೂ ತಿದ್ದುವುದಿಲ್ಲ. ನೀವು ಏಳುವ ಮೊದಲೇ ಸ್ನಾನ ಮಾಡಿ ಮುಗಿಸಿರುತ್ತೀರಿ. ‘ಲೆವ್’ ಕಾಗುಣಿತಕ್ಕೂ ಒಂದು ಕಿರಿಕಿರಿ ಇದೆ. ‘ಜ ಮ ಲೆವ್’ ಬರೆಯುವಾಗ ಮೊದಲ ‘ಇ’ ಅಕ್ಷರದ ಮೇಲೆ ಎಡದಿಂದ ಬಲಕ್ಕೆ ಇಳಿಯುವ ಗೆರೆ ಬೇಕು. ‘ನೂ ನೂ ಲವೋಂ’, ‘ವೂ ವೂ ಲವೆ’ ಬರೆಯುವಾಗ ಬೇಡ. ಬಾಯಿಯಲ್ಲಿ ‘ಲೆ’ ಕೇಳಿದರೆ ಗೆರೆ, ‘ಲ’ ಕೇಳಿದರೆ ಗೆರೆ ಇಲ್ಲ. ‘ಪ್ರೊಮೆನ್’ ಪದಕ್ಕೂ ಇದೇ ಲೆಕ್ಕ.

ಆರನೆಯ ಸಾಲು. ‘ಏಳು ಗಂಟೆ ಹೊತ್ತು ಮಲಗುತ್ತೇನೆ’ ಅಂತ ನಿಮ್ಮ ಮನಸ್ಸಿನಲ್ಲಿತ್ತು. ಕನ್ನಡದಲ್ಲಿ ‘ಹತ್ತಕ್ಕೆ ಮಲಗಿದೆ’ ಅಂತಲೂ ‘ಏಳು ಗಂಟೆ ಮಲಗಿದೆ’ ಅಂತಲೂ ಹೇಳುತ್ತೇವೆ. ಫ್ರೆಂಚಿನವರು ರಾತ್ರಿಯನ್ನು ಮೂರು ತುಂಡು ಮಾಡುತ್ತಾರೆ. ಹಾಸಿಗೆಗೆ ಹೋಗುವುದು ‘ಜ ಮ ಕೂಶ್’. ನಿದ್ದೆ ಹತ್ತುವುದು ‘ಜ ಮಾಂದೋರ್’. ನಿದ್ದೆ ಮಾಡುವುದು ‘ಜ ದೋರ್’. ಕೊನೆಯದಕ್ಕೆ ‘ಮ’ ಇಲ್ಲ. ಮೊದಲ ಎರಡು ಬದಲಾವಣೆಗಳು, ಮೂರನೆಯದು ಸುಮ್ಮನೆ ನಡೆಯುತ್ತಿರುವ ಸ್ಥಿತಿ. ಬೆಳಿಗ್ಗೆಯೂ ಹಾಗೆಯೇ. ಕಣ್ಣು ಬಿಡುವುದು ‘ಜ ಮ ರೆವೆಯ್’, ಹಾಸಿಗೆ ಬಿಡುವುದು ‘ಜ ಮ ಲೆವ್’. ಈ ಎರಡರ ನಡುವೆ ನನ್ನ ಮಗಳು ಅರ್ಧ ಗಂಟೆ ಫೋನ್ ನೋಡುತ್ತಾಳೆ, ಅದಕ್ಕೂ ‘ಮ’ ಇಲ್ಲ.

ಇಲ್ಲ ಅನ್ನುವುದು ಸುಲಭ. ‘ನ’ ಮತ್ತು ‘ಪಾ’ ಎರಡೂ ಸೇರಿ, ‘ಮ’ ಮತ್ತು ಕ್ರಿಯಾಪದವನ್ನು ಒಟ್ಟಿಗೆ ತಬ್ಬಿಕೊಳ್ಳುತ್ತವೆ: ‘ಜ ನ ಮ ಲೆವ್ ಪಾ’. ಮಾತಿನಲ್ಲಿ ‘ನ’ ಹಾರಿಹೋಗುತ್ತದೆ, ‘ಜ ಮ’ ಎರಡೂ ಸೇರಿ ‘ಜ್ಮ’ ಆಗುತ್ತದೆ, ಕೊನೆಗೆ ಕಿವಿಗೆ ಬೀಳುವುದು ‘ಜ್ಮ ಲೆವ್ ಪಾ’. ಆಡಿಯೋ ಕೇಳುವಾಗ ‘ಮ’ ಎಲ್ಲಿ ಹೋಯಿತು ಅಂತ ಹುಡುಕಬೇಡಿ, ಅಲ್ಲೇ ಅಡಗಿರುತ್ತದೆ.

ಆಜ್ಞೆ ಕೊಡುವಾಗ ಮಾತ್ರ ‘ತ’ ಹಿಂದಕ್ಕೆ ಹೋಗಿ ‘ತ್ವಾ’ ಆಗುತ್ತದೆ. ಮಕ್ಕಳಿರುವ ಫ್ರೆಂಚ್ ಮನೆಯಲ್ಲಿ ಬೆಳಿಗ್ಗೆ ಒಂದು ಗಂಟೆ ಕೂತಿದ್ದರೆ ಈ ಪಾಠವೆಲ್ಲ ಪುಕ್ಕಟೆ ಸಿಗುತ್ತದೆ. ‘ಲೆವ್ ತ್ವಾ!’ ಏಳು! ‘ಲಾವ್ ತ್ವಾ ಲೆ ಮ್ಯಾಂ!’ ಕೈ ತೊಳ್ಕೋ! ‘ಬ್ರೋಸ್ ತ್ವಾ ಲೆ ದಾಂ!’ ಹಲ್ಲುಜ್ಜಿಕೋ! ‘ಆಬಿಯ್ ತ್ವಾ!’ ಬಟ್ಟೆ ಹಾಕ್ಕೋ! ಎಲ್ಲದರ ಮಧ್ಯೆ ತಾಳ ಹಾಕಿದ ಹಾಗೆ ‘ದೆಪೆಶ್ ತ್ವಾ, ದೆಪೆಶ್ ತ್ವಾ’, ಬೇಗ ಬೇಗ! ನಮ್ಮ ಮನೆಗಳ ಏಳೂವರೆ ಗಂಟೆಯ ಗಲಾಟೆಯೇ. ದೊಡ್ಡವರಿಗೆ ‘ಲವೆ ವೂ’, ‘ಅಸೆಯೆ ವೂ’ (ಕೂತ್ಕೊಳ್ಳಿ). ಬೇಡ ಅನ್ನುವಾಗ ‘ತ’ ಮತ್ತೆ ಮುಂದೆ ಬಂದು ಹಳೆಯ ಜಾಗ ಹಿಡಿಯುತ್ತದೆ: ‘ನ ತ ಲೆವ್ ಪಾ’, ಏಳಬೇಡ. ಪುಟ್ಟ ಮಗುವಿಗೆ ‘ದೋದೋ’ ಅನ್ನುತ್ತಾರೆ, ನಮ್ಮ ‘ತಾಚಿ’ ಇದ್ದ ಹಾಗೆ. ಪ್ಯಾರಿಸ್ಸಿನ ನೌಕರರು ತಮ್ಮ ದಿನಚರಿಯನ್ನು ‘ಮೆತ್ರೋ, ಬೂಲೋ, ದೋದೋ’ ಅಂತ ಮೂರು ಪದದಲ್ಲಿ ಮುಗಿಸುತ್ತಾರೆ: ಮೆಟ್ರೋ, ಕೆಲಸ, ತಾಚಿ. ಒಂದೂ ‘ಸ’ ಇಲ್ಲ. ಪರೀಕ್ಷೆಗೆ ಇಷ್ಟು ಸಾಲದು!

ಈಗ ನಿನ್ನೆಯ ಮಾತು. ‘ಯೆರ್, ಜೆ ಮ ಲವೆ’ (ನಿನ್ನೆ ಎದ್ದೆ) ಅಂತ ತಪ್ಪಾಗಿ ಹೇಳುವವರೇ ಜಾಸ್ತಿ. ಇಲ್ಲಿ ಯೋಚನೆಗೆ ಜಾಗವೇ ಇಲ್ಲ. ‘ಮ’, ‘ತ’, ‘ಸ’ ಬಂದರೆ ಭೂತಕಾಲಕ್ಕೆ ‘ಇರು’ ಎಂಬ ಅರ್ಥದ ‘ಎತ್ರ್’ ಕ್ರಿಯಾಪದವೇ ಬೇಕು. ಯಾವಾಗಲೂ. ‘ಜ ಮ ಸ್ವಿ ಲವೆ’, ‘ತ್ಯು ತೆ ಲವೆ’, ‘ಎಲ್ ಸೆ ಲವೆ’. ಫ್ರೆಂಚ್ ಮಕ್ಕಳೂ ಮಾತು ಕಲಿಯುವಾಗ ‘ಸ್ವಿ’ ಬಿಟ್ಟು ‘ಜ ಮೆ’ ಅಂತ ತಪ್ಪು ಹೇಳುತ್ತವೆ, ಅಮ್ಮಂದಿರು ತಿದ್ದುತ್ತಾರೆ. ನೀವು ಒಬ್ಬರೇ ಅಲ್ಲ.

ಬರೆಯುವಾಗ ಇನ್ನೊಂದು ತಂಟೆ. ಮಾತಿನಲ್ಲಿ ಕೇಳಿಸುವುದಿಲ್ಲ, ಕಾಗದದ ಮೇಲೆ ಮಾತ್ರ. ಹೆಣ್ಣಾದರೆ ಕೊನೆಗೆ ಇನ್ನೊಂದು ‘ಇ’ ಅಕ್ಷರ ಸೇರಬೇಕು, ಬಹುವಚನವಾದರೆ ‘ಎಸ್’. ‘ಅವಳು ಮೈ ತೊಳೆದುಕೊಂಡಳು’, ‘ಎಲ್ ಸೆ ಲಾವೆ’, ಇಲ್ಲಿ ‘ಇ’ ಬರುತ್ತದೆ. ‘ಅವಳು ಕೈ ತೊಳೆದುಕೊಂಡಳು’, ‘ಎಲ್ ಸೆ ಲಾವೆ ಲೆ ಮ್ಯಾಂ’, ಇಲ್ಲಿ ಬರುವುದಿಲ್ಲ! ಪುಸ್ತಕಗಳು ಇದಕ್ಕೆ ನೇರ ಕರ್ಮ, ಪರೋಕ್ಷ ಕರ್ಮ ಅಂತ ಒಂದು ಪುಟ ಬರೆಯುತ್ತವೆ. ನಮಗೆ ಸ್ಕೂಲಿನಲ್ಲಿ ಕಲಿತ ವಿಭಕ್ತಿ ಸಾಕು. ತೊಳೆದದ್ದು ಯಾರನ್ನು? ತನ್ನನ್ನು. ಎರಡನೆಯ ವಿಭಕ್ತಿ, ‘ಅನ್ನು’. ಹಾಗಿದ್ದರೆ ‘ಇ’ ಸೇರಿಸಿ. ಎರಡನೆಯ ವಾಕ್ಯದಲ್ಲಿ ತೊಳೆದದ್ದು ಏನನ್ನು? ಕೈಯನ್ನು. ‘ಅನ್ನು’ ಕೈಗೆ ಹೋಯಿತು. ‘ಸ’ ಪಾಲಿಗೆ ಉಳಿದದ್ದು ‘ತನಗೆ’. ನಾಲ್ಕನೆಯ ವಿಭಕ್ತಿ. ‘ಇ’ ಬೇಡ. ‘ಎಲ್ ಸ ಸೋಂ ಪಾರ್ಲೆ’, ಅವರಿಬ್ಬರು ಹೆಂಗಸರು ಮಾತಾಡಿಕೊಂಡರು. ಒಬ್ಬರ ‘ಜೊತೆಗೆ’, ಒಬ್ಬರಿ‘ಗೆ’ ಮಾತಾಡುವುದು, ಹಾಗಾಗಿ ಇಲ್ಲೂ ಏನೂ ಸೇರುವುದಿಲ್ಲ. ಅಂದ ಹಾಗೆ ‘ಮಾತಾಡಿಕೊಂಡರು’ ಅನ್ನುವ ಪರಸ್ಪರದ ಅರ್ಥಕ್ಕೂ ನಾವು ‘ಕೊಳ್ಳು’ ಬಳಸುತ್ತೇವೆ, ಅವರು ‘ಸ’ ಬಳಸುತ್ತಾರೆ.

ಇನ್ನು ಕೆಲವು ಕ್ರಿಯಾಪದಗಳಿಗೆ ‘ಸ’ ಯಾಕೆ ಬಂತು ಅಂತ ಕೇಳಬೇಡಿ. ನೆನಪಾಗುವುದು, ಹೊರಟುಹೋಗುವುದು (‘ಜ ಮಾಂ ವೆ’), ಹೀಗೆ. ಮೈಗೆ ಸಂಬಂಧ ಇಲ್ಲ, ಜೋಡಿಯ ಲೆಕ್ಕವೂ ಸಿಗುವುದಿಲ್ಲ. ಬಾಯಿಪಾಠ ಮಾಡಿ ಬಿಟ್ಟುಬಿಡಿ. ಇದಕ್ಕೇ ಫ್ರೆಂಚಿನವರು ಇಡೀ ಗುಂಪನ್ನು ‘ಸರ್ವನಾಮದ ಕ್ರಿಯಾಪದಗಳು’ ಅನ್ನುತ್ತಾರೆ. ರಿಫ್ಲೆಕ್ಸಿವ್ ಅನ್ನುವುದು ಅದರೊಳಗಿನ ಒಂದು ಮನೆ ಅಷ್ಟೇ.

ಪರೀಕ್ಷೆಗೆ ಬರೋಣ. ಎ2 ಮಾತಿನ ಭಾಗಕ್ಕೆ 25 ಅಂಕ. ಮೊದಲು ನಿಮ್ಮ ಪರಿಚಯ, ಆಮೇಲೆ ಒಂದು ವಿಷಯದ ಮೇಲೆ ನೀವೊಬ್ಬರೇ ಮಾತಾಡುವುದು, ಕೊನೆಗೆ ಪರೀಕ್ಷಕರ ಜೊತೆ ಸಂಭಾಷಣೆ. ದಿನಚರಿ ಮೊದಲೆರಡರಲ್ಲಿ ಎಲ್ಲಿ ಬೇಕಾದರೂ ತಲೆಹಾಕಬಹುದು. ನನ್ನ ಸಲಹೆ: ಪಟ್ಟಿ ಬಾಯಿಪಾಠ ಮಾಡಬೇಡಿ. ಬೆಳಿಗ್ಗೆ ಬ್ರಶ್ ಬಾಯಿಗೆ ಹೋಗುವ ಮೊದಲು ‘ಜ ಮ ಬ್ರೋಸ್ ಲೆ ದಾಂ’ ಅನ್ನಿ, ಬಾಚಣಿಗೆ ಹಿಡಿದಾಗ ‘ಜ ಮ ಕ್ವಾಫ್’ ಅನ್ನಿ. ಕಾಫಿ ಸೋಸುವಾಗ ‘ಜ ಮ ಫೆ ಆಂ ಕಾಫೆ’ ಅನ್ನಿ. ಇದು ನನಗೆ ಬಹಳ ಇಷ್ಟದ ವಾಕ್ಯ. ‘ಕಾಫಿ ಮಾಡಿಕೊಳ್ಳುತ್ತೇನೆ’ ಅನ್ನುವುದಕ್ಕೆ ಪದಕ್ಕೆ ಪದ ಇದೇ. ಇಲ್ಲಿ ‘ಮ’ ಅಂದರೆ ‘ನನಗೋಸ್ಕರ’. ನಮ್ಮ ‘ಮಾಡ್ಕೊ’ದಲ್ಲಿರುವ ಸಣ್ಣ ಸುಖ ಅದರಲ್ಲೂ ಇದೆ. ಒಂದು ವಾರ ಹೀಗೆ ಮಾಡಿದರೆ ‘ಮ’ ಇಲ್ಲದೆ ಹಲ್ಲು ಉಜ್ಜಲು ಕೈ ಬರುವುದಿಲ್ಲ. ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ನಿಮ್ಮ ಆರು ಸಾಲು ತಿದ್ದಿದರೆ ಹೀಗಾಗುತ್ತದೆ: “ಜ ಮ ಲೆವ್ ಆ ಸೀಜ಼ರ್. ಜ ಮ ಬ್ರೋಸ್ ಲೆ ದಾಂ. ಜ ಮ ದೂಶ್. ಪ್ವಿ ಜ ಮಾಬಿಯ್, ಜ ಮೆ ಯೂನ್ ಶಮೀಜ಼್. ಜ ಪ್ರಾಂ ಲ ಪ್ತಿ ದೆಜ್ಯುನೆ ಆ ವಿತರ್. ಜ ಮ ಕೂಶ್ ಆ ಓಂಜ಼ರ್ ಎ ಜ ದೋರ್ ಸೆತರ್.” ಮಧ್ಯೆ ಸೇರಿಸಿದ ‘ಪ್ವಿ’ ಅಂದರೆ ‘ಆಮೇಲೆ’. ಇಂಥ ಒಂದೆರಡು ಕೊಂಡಿ ಇದ್ದರೆ ಹಾಜರಿ ಕರೆದ ಹಾಗೆ ಕೇಳುವುದಿಲ್ಲ.

ಉಳಿದದ್ದು ನಿಮ್ಮ ‘ಬೈಸಿಕೊಂಡೆ’. ಬೈ, ಅದಕ್ಕೆ ‘ಇಸು’, ಅದಕ್ಕೆ ‘ಕೊಳ್ಳು’. ಬೈದದ್ದು ಇನ್ನೊಬ್ಬರು, ಅದನ್ನು ಮೈಮೇಲೆ ತಂದುಕೊಂಡದ್ದು ನಾನು. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಒದ್ದಾಡಬೇಕು. ಫ್ರೆಂಚಿನಲ್ಲಿ ನಮ್ಮದೇ ಅಚ್ಚು: ‘ಮ’, ಮಾಡಿಸು ಎಂಬ ಅರ್ಥದ ‘ಫೆರ್’, ಆಮೇಲೆ ಬೈಯುವ ಪದ. ಕೂದಲು ಕತ್ತರಿಸಿಕೊಳ್ಳಲು ಸಲೂನಿಗೆ ಹೋದರೆ ‘ಜ ಮ ಫೆ ಕೂಪೆ ಲೆ ಶವೋ’ (ಇಲ್ಲೂ ಕುದುರೆ ಬೇಡ). ಮುಂದಿನ ಕ್ಲಾಸಿಗೆ ಹೋದಾಗ ನಿಮ್ಮ ಟೀಚರ್ ಮುಂದೆ ಇದನ್ನು ಹೇಳಿ ನೋಡಿ: ‘ಜ ಮ ಸ್ವಿ ಫೆ ಗ್ರೋಂದೆ’. ಬೈಸಿಕೊಂಡೆ. ಬರೆದು ತೋರಿಸುವುದಾದರೆ, ನೀವು ಹೆಣ್ಣಾದರೂ ಆ ‘ಫೆ’ ಪದಕ್ಕೆ ‘ಇ’ ಸೇರಿಸಬೇಡಿ. ಅದಾದ ಮೇಲೆ ಇನ್ನೊಂದು ಕ್ರಿಯಾಪದ ಬಂದರೆ ಅದು ಯಾರಿಗೂ ಬಗ್ಗುವುದಿಲ್ಲ.